ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಯಾವುದು ಹೊಂದುತ್ತದೆ, ಹೇಗೆ ಬದಲಿಸಬೇಕು, ತೆಗೆದ ಡಿಸ್ಕನ್ನು ಏನು ಮಾಡಬೇಕು

ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ಏಳು ವರ್ಷ ತುಂಬಿದೆ. 1 ಟಿಬಿ ಹಾರ್ಡ್ ಡಿಸ್ಕ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಆನ್ ಮಾಡಿದ ಮೇಲೆ ಕೆಲಸಕ್ಕೆ ಕೂರಲು ಐದಾರು ನಿಮಿಷ ಕಾಯಬೇಕು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಎದುರು ಯಾವಾಗಲೂ 100% ಕಾಣುತ್ತದೆ. ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಯಾವುದನ್ನು ಕೊಳ್ಳಬೇಕು? ಈಗಿರುವ ವಿಂಡೋಸ್ ಮತ್ತು ಫೈಲ್‌ಗಳನ್ನು ಹಾಗೆಯೇ ಅದಕ್ಕೆ ಸಾಗಿಸಬಹುದೇ? ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂದೂ ಕೇಳಿದ್ದೇನೆ, ನಿಜವೇ? ತೆಗೆದ ಹಾರ್ಡ್ ಡಿಸ್ಕನ್ನು ಏನು ಮಾಡಲಿ?

ಉತ್ತರ: ಧಾರಾಳವಾಗಿ ಹಾಕಿಸಿ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್. ನೀವು ಹೇಳಿದ ಲಕ್ಷಣಗಳಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಏಳು ವರ್ಷದ ಪ್ರೊಸೆಸರ್ ದಿನನಿತ್ಯದ ಕೆಲಸಕ್ಕೆ ಈಗಲೂ ಸಾಕಾಗುತ್ತದೆ. ಅದು ಡಿಸ್ಕಿನಿಂದ ಬರಬೇಕಾದ ಮಾಹಿತಿಗಾಗಿ ಸುಮ್ಮನೆ ಕಾದು ಕೂತಿರುವುದರಿಂದ ನೀವೂ ಕಾಯುವಂತಾಗಿದೆ. ಕೊಳ್ಳುವ ಮೊದಲು ಈ ಕಾಯುವಿಕೆ ಎಲ್ಲಿ ಹುಟ್ಟುತ್ತದೆ ಎಂದು ತಿಳಿದುಕೊಂಡರೆ, ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಮುಂದಿನ ಸಲ 100% ಕಂಡಾಗ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಡಿಸ್ಕ್ ಓದುತ್ತಿರುವ ವೇಗ ಎಷ್ಟಿದೆ ನೋಡಿ. ಬಹಳ ಸಲ ಸೆಕೆಂಡಿಗೆ ಒಂದೆರಡು ಎಂಬಿ ಅಷ್ಟೇ ಇರುತ್ತದೆ. ಅದೇ ಡಿಸ್ಕ್ ದೊಡ್ಡದೊಂದು ವಿಡಿಯೊ ಫೈಲನ್ನು ನಕಲು ಮಾಡುವಾಗ ಸೆಕೆಂಡಿಗೆ ನೂರು ಎಂಬಿಯ ಆಸುಪಾಸು ಕೊಡಬಲ್ಲದು. ಪೂರ್ತಿ ದುಡಿಯುತ್ತಿದೆ ಎಂದು ತೋರಿಸುವ ಡಿಸ್ಕ್ ಇಷ್ಟು ಕಡಿಮೆ ಕೊಡುವುದೇಕೆಂದರೆ, ಅದರ ಹೊತ್ತೆಲ್ಲ ಹುಡುಕಾಟಕ್ಕೇ ಹೋಗುತ್ತಿದೆ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ತುದಿಯ, ಅಂದರೆ ಹೆಡ್ಡಿನ, ಅಡಿಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.5 ಮಿಲಿಸೆಕೆಂಡ್, ಕಾಯಬೇಕು. ಅದಕ್ಕೂ ಮುಂಚೆ ಹೆಡ್ಡು ಸರಿಯಾದ ಪಥಕ್ಕೆ ಸರಿದು ನಿಲ್ಲಬೇಕು. ಅದಕ್ಕೆ ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಹೀಗೆ ಸೆಕೆಂಡಿಗೆ ಅರವತ್ತು ಎಪ್ಪತ್ತು ಹುಡುಕಾಟ ಮುಗಿಸುವಷ್ಟರಲ್ಲಿ ಅದರ ಶಕ್ತಿ ತೀರಿತು. ಪ್ರತಿ ಹುಡುಕಾಟಕ್ಕೆ 4 ಕೆಬಿಯ ಚೂರೊಂದು ಸಿಕ್ಕಿತು ಅಂದುಕೊಳ್ಳಿ, ಸೆಕೆಂಡಿಗೆ 300 ಕೆಬಿಯೂ ಆಗುವುದಿಲ್ಲ. ವಿಂಡೋಸ್ ಏಳುವಾಗ, ಆಂಟಿವೈರಸ್ ತಪಾಸಣೆ ನಡೆಸುವಾಗ, ಅಪ್‌ಡೇಟ್ ಇಳಿದು ಕೂರುವಾಗ ಡಿಸ್ಕಿಗೆ ಬೀಳುವ ಬೇಡಿಕೆಗಳು ಇಂಥವೇ: ಅಲ್ಲೊಂದು ಇಲ್ಲೊಂದು ಚದುರಿದ ಸಾವಿರಾರು ಸಣ್ಣ ಚೂರುಗಳು. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ಹಿಡಿಯುತ್ತಿದ್ದುದು ನಾಲ್ಕು ಎಂಬಿಗಿಂತ ಕಡಿಮೆ. ಅಲ್ಲಿಂದ ಇಲ್ಲಿಗೆ ಸಾಮರ್ಥ್ಯ ಎರಡು ಲಕ್ಷ ಪಟ್ಟಿಗೂ ಮೀರಿ ಬೆಳೆದಿದೆ. ಆದರೆ ತಿರುಗುವ ತಟ್ಟೆ, ಸರಿದಾಡುವ ಹೆಡ್ಡು ಎಂಬ ಮೂಲ ವಿನ್ಯಾಸ ಬದಲಾಗಿಲ್ಲ, ಆ ವಿನ್ಯಾಸದ ಜೊತೆಗೇ ಬಂದ ಕಾಯುವಿಕೆಯೂ ಹೋಗಿಲ್ಲ.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಮಾಹಿತಿ ಎಲ್ಲೇ ಇರಲಿ, 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ಸಾಟಾ ಎಂದರೆ ಹಾರ್ಡ್ ಡಿಸ್ಕನ್ನು ಜೋಡಿಸುವ ಕನೆಕ್ಟರಿನ ಹೆಸರು. ಅದಕ್ಕೇ ಹೊಂದುವ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ದೊಡ್ಡ ಫೈಲುಗಳನ್ನು ಸೆಕೆಂಡಿಗೆ 550 ಎಂಬಿಯಂತೆ ಓದುತ್ತದೆ, ಅಂದರೆ ನಿಮ್ಮ ಹಾರ್ಡ್ ಡಿಸ್ಕಿನ ಐದು ಪಟ್ಟು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಈ ಅಂಕಿ. ನಿಮ್ಮ ಅನುಭವವನ್ನು ಬದಲಿಸುವುದು ಮಾತ್ರ ಇನ್ನೊಂದು ಲೆಕ್ಕ: ಚದುರಿದ ಚೂರುಗಳನ್ನು ಆಯ್ದು ತರುವ ಕೆಲಸದಲ್ಲಿ ಅದು ನೂರು ಪಟ್ಟಿಗಿಂತ ಹೆಚ್ಚು ಚುರುಕು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅಂಗಡಿಗೆ ಹೋದರೆ ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ತೋರಿಸುತ್ತಾರೆ. ಅದರ ವೇಗ ಸೆಕೆಂಡಿಗೆ 3,500 ಎಂಬಿ, ಹೊಸ ಮಾದರಿಗಳಲ್ಲಿ 7,000. ಅದನ್ನು ನೋಡಿ ಬಂದು, ತಮ್ಮ ಲ್ಯಾಪ್‌ಟಾಪ್ ಸಾಟಾ ಮಾತ್ರ ಒಪ್ಪುತ್ತದೆ ಎಂದು ತಿಳಿದಾಗ ಇಡೀ ಆಲೋಚನೆಯನ್ನೇ ಕೈಬಿಡುವವರಿದ್ದಾರೆ. ಕೈಬಿಡಬೇಡಿ. ವಿಂಡೋಸ್ ಏಳುವುದು, ಬ್ರೌಸರ್ ತೆರೆಯುವುದು, ಕಡತ ಹುಡುಕುವುದು ಇಂಥ ಕೆಲಸಗಳಲ್ಲಿ ಹಾರ್ಡ್ ಡಿಸ್ಕಿನಿಂದ ಸಾಟಾಕ್ಕೆ ಬಂದಾಗ ಆಗುವ ಬದಲಾವಣೆ ಅಗಾಧ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದು ಒಂದೆರಡು ಸೆಕೆಂಡಿನ ವ್ಯತ್ಯಾಸ. ದಿನವಿಡೀ ಭಾರೀ ವಿಡಿಯೊ ಫೈಲುಗಳನ್ನು ಎಡಿಟ್ ಮಾಡುವವರಿಗೆ ಮಾತ್ರ ಆ ದೊಡ್ಡ ಅಂಕಿ ದುಡಿಯುತ್ತದೆ.

ಈಗ ನಿಮ್ಮ ಯಂತ್ರದೊಳಗೆ ಏನು ಹಿಡಿಸುತ್ತದೆ ಎಂಬ ವಿಚಾರ. ಜನ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. 1 ಟಿಬಿ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ 2.5 ಇಂಚಿನ ಸಾಟಾ ಖಾನೆ ಇದ್ದೇ ಇರುತ್ತದೆ. ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಅಲ್ಲಿ ನೇರವಾಗಿ ಕೂರುತ್ತದೆ, ಸ್ಕ್ರೂ ತೂತುಗಳೂ ಕನೆಕ್ಟರೂ ಅವೇ. ದಪ್ಪ ಮಾತ್ರ ಬೇರೆಯಾಗಬಹುದು. ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿಲಿಮೀಟರ್, ಹಳೆಯ ಹಾರ್ಡ್ ಡಿಸ್ಕುಗಳಲ್ಲಿ 9.5 ಮಿಲಿಮೀಟರಿನವೂ ಇವೆ. ಖಾನೆ ಸಡಿಲ ಎನಿಸಿದರೆ 2.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಚೌಕಟ್ಟೊಂದನ್ನು ಅಂಟಿಸಿದರೆ ಸಾಕು.

ಇದಲ್ಲದೆ, ಏಳು ವರ್ಷದ ಹಿಂದಿನ ಅನೇಕ ಮಾದರಿಗಳಲ್ಲಿ ಹಾರ್ಡ್ ಡಿಸ್ಕಿನ ಜೊತೆಗೆ ಖಾಲಿ ಬಿಟ್ಟ ಎಂ.2 ಸ್ಲಾಟ್ ಕೂಡ ಇರುತ್ತದೆ. ಅದಿದ್ದರೆ ನಿಮ್ಮ ಅದೃಷ್ಟ: ಎಸ್‌ಎಸ್‌ಡಿಯನ್ನು ಅಲ್ಲಿ ಹಾಕಿ, ಹಳೆಯ ಡಿಸ್ಕನ್ನು ಇದ್ದಲ್ಲೇ ಫೈಲುಗಳಿಗಾಗಿ ಉಳಿಸಿಕೊಳ್ಳಬಹುದು. ಆದರೆ ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದ ತೆಳು ಪಟ್ಟಿಯಾಗಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಕೆಲವು ಸ್ಲಾಟುಗಳು ಒಂದನ್ನು ಮಾತ್ರ ಒಪ್ಪುತ್ತವೆ, ಕೆಲವು ಎರಡನ್ನೂ. ಎನ್‌ವಿಎಂಇ ಪಟ್ಟಿಯ ಕನೆಕ್ಟರಿನಲ್ಲಿ ಸಾಮಾನ್ಯವಾಗಿ ಒಂದು ಕಚ್ಚು, ಸಾಟಾ ಪಟ್ಟಿಯಲ್ಲಿ ಎರಡು. ಹಾಗೆಂದು ಕಚ್ಚು ಎಣಿಸಿ ತೀರ್ಮಾನಕ್ಕೆ ಬರಬೇಡಿ, ಎರಡು ಕಚ್ಚಿನ ಎನ್‌ವಿಎಂಇ ಪಟ್ಟಿಗಳೂ ಇವೆ. ಸ್ಲಾಟಿಗೆ ಸರಿಯಾಗಿ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂಬ ಖಾತ್ರಿಯೂ ಇಲ್ಲ. ಉದ್ದವನ್ನೂ ನೋಡಬೇಕು: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, 2242 ಎಂದರೆ ಉದ್ದ 42 ಮಿಲಿಮೀಟರ್. ಇನ್ನೊಂದು ಗೊಂದಲವೂ ಇದೆ. ವೈಫೈ ಕಾರ್ಡ್ ಕೂರುವುದೂ ಪುಟ್ಟದೊಂದು ಎಂ.2 ಸ್ಲಾಟಿನಲ್ಲೇ, ಅದನ್ನು ಎಸ್‌ಎಸ್‌ಡಿಯ ಸ್ಲಾಟ್ ಎಂದುಕೊಳ್ಳಬೇಡಿ.

ಇದಕ್ಕೆಲ್ಲ ಖಚಿತ ಉತ್ತರ ಸಿಗುವುದು ತಯಾರಕರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ. ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿರುವ ಪೂರ್ಣ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಜಾಲತಾಣದಲ್ಲಿ ಹುಡುಕಿ. ಯಾವ ಸ್ಲಾಟ್, ಯಾವ ಉದ್ದ, ಯಾವ ಸ್ಕ್ರೂ ಎಲ್ಲಿದೆ ಎಂದು ಚಿತ್ರಸಮೇತ ಇರುತ್ತದೆ. ಅಂಗಡಿಯವರ ಬಾಯಿಮಾತಿಗಿಂತ ಆ ಪುಸ್ತಕವನ್ನು ನಂಬಿ.

ಸ್ಲಾಟ್ ಗೊತ್ತಾದ ಮೇಲೆ ಕಂಪನಿ ಯಾವುದು ಎಂಬುದಕ್ಕಿಂತ ಒಳಗೇನಿದೆ ಎಂದು ವಿಚಾರಿಸಿ. ಎಸ್‌ಎಸ್‌ಡಿಯ ಒಂದೊಂದು ಕೋಶದಲ್ಲಿ ಮೂರು ಬಿಟ್ ಬರೆಯುವುದು ಟಿಎಲ್‌ಸಿ, ನಾಲ್ಕು ಬಿಟ್ ತುಂಬುವುದು ಕ್ಯುಎಲ್‌ಸಿ. ಅದೇ ಜಾಗದಲ್ಲಿ ಹೆಚ್ಚು ತುರುಕಿದಷ್ಟೂ ಬರೆಯುವುದು ನಿಧಾನ, ಬಾಳಿಕೆಯೂ ಕಡಿಮೆ. ಕ್ಯುಎಲ್‌ಸಿ ಡ್ರೈವ್ ಮೊದಮೊದಲು ವೇಗವಾಗಿಯೇ ಬರೆಯುತ್ತದೆ. ತಾತ್ಕಾಲಿಕವಾಗಿ ಮೀಸಲಿಟ್ಟ ವೇಗದ ಭಾಗ ತುಂಬಿದ ಕೂಡಲೇ ಬರೆಯುವ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯುವುದೂ ಉಂಟು. ವಿಂಡೋಸ್ ಕೂರುವ ಡ್ರೈವಿಗೆ ನಾನು ಟಿಎಲ್‌ಸಿಯನ್ನೇ ಹೇಳುತ್ತೇನೆ. ಇನ್ನು ಡಿರ‍್ಯಾಮ್ ಕ್ಯಾಶ್: ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಇಟ್ಟುಕೊಳ್ಳಲು ಒಳ್ಳೆಯ ಡ್ರೈವುಗಳಲ್ಲಿ ಪ್ರತ್ಯೇಕ ಮೆಮೊರಿ ಇರುತ್ತದೆ. ಎನ್‌ವಿಎಂಇ ಡ್ರೈವಿನಲ್ಲಿ ಇದು ಇಲ್ಲದಿದ್ದರೂ ಲ್ಯಾಪ್‌ಟಾಪಿನ ರ‍್ಯಾಮಿನಲ್ಲೇ ಒಂದು ಚೂರನ್ನು ಎರವಲು ಪಡೆಯುವ ಏರ್ಪಾಡು ಇರುವುದರಿಂದ ಅಷ್ಟಾಗಿ ತೊಂದರೆಯಾಗದು. ಸಾಟಾದಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಸಾಟಾ ಕೊಳ್ಳುವುದಾದರೆ ಡಿರ‍್ಯಾಮ್ ಇರುವುದನ್ನೇ ಹುಡುಕಿ, ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಎಷ್ಟು ಜಿಬಿ ಬೇಕು? ನಿಮ್ಮ 1 ಟಿಬಿಯಲ್ಲಿ ನಿಜಕ್ಕೂ ತುಂಬಿರುವುದು ಎಷ್ಟು ಎಂದು ಮೊದಲು ನೋಡಿಕೊಳ್ಳಿ. 500 ಜಿಬಿ ಎಂದು ಬರೆದ ಡ್ರೈವನ್ನು ವಿಂಡೋಸ್ 465 ಜಿಬಿ ಎಂದು ತೋರಿಸುತ್ತದೆ. ಎಣಿಸುವ ಕ್ರಮ ಬೇರೆ ಅಷ್ಟೇ, ಮೋಸವೇನಲ್ಲ. ಅದರಲ್ಲಿ ಹತ್ತು ಹದಿನೈದು ಶೇಕಡಾ ಸದಾ ಖಾಲಿ ಬಿಡಬೇಕಾಗುತ್ತದೆ. ಹೆಸರೇ ಕೇಳದ ಕಂಪನಿ 4 ಟಿಬಿ, 8 ಟಿಬಿಯನ್ನು ನಂಬಲಾರದಷ್ಟು ಅಗ್ಗಕ್ಕೆ ಕೊಡುತ್ತಿದ್ದರೆ ಅದು ಮಾತ್ರ ಮೋಸವೇ. ಸಣ್ಣ ಮೆಮೊರಿ ಕಾರ್ಡೊಂದನ್ನು ಒಳಗಿಟ್ಟು, ದೊಡ್ಡ ಗಾತ್ರ ತೋರಿಸುವಂತೆ ತಿದ್ದಿರುತ್ತಾರೆ. ನಿಜವಾದ ಮಿತಿ ದಾಟಿದ ಮೇಲೆ ಬರೆದದ್ದೆಲ್ಲ ಮಾಯವಾಗುತ್ತದೆ. ಹೊಸ ಡ್ರೈವಿನ ಮೇಲೆ ಅನುಮಾನವಿದ್ದರೆ, ಏನನ್ನೂ ಇಡುವ ಮೊದಲು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿ ನೋಡಿ.

ಸವೆಯುವ ವಿಚಾರ. ನೀವು ಕೇಳಿದ್ದು ಸುಳ್ಳಲ್ಲ, ಆದರೆ ನಿಮ್ಮ ಬಳಕೆಗೆ ಅದು ಹೆದರಿಕೆಯ ಸಂಗತಿ ಅಲ್ಲ. ತೋಶಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯೇ ಎಲ್ಲ ಎಸ್‌ಎಸ್‌ಡಿಗಳ ಜೀವಾಳ. ಅದರ ಪ್ರತಿ ಕೋಶವೂ ತೆಳುವಾದ ನಿರೋಧಕ ಪದರದ ಆಚೆ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತದೆ. ಬರೆಯಲು, ಅಳಿಸಲು ಹೆಚ್ಚಿನ ವೋಲ್ಟೇಜ್ ಕೊಟ್ಟಾಗೆಲ್ಲ ಆ ಪದರ ಒಂದಿಷ್ಟು ಸವೆಯುತ್ತದೆ. ಓದಿದರೆ ಹೀಗೆ ಸವೆಯುವುದಿಲ್ಲ. ಒಂದೇ ಕೋಶಕ್ಕೆ ಮತ್ತೆ ಮತ್ತೆ ಏಟು ಬೀಳದಂತೆ ಬರವಣಿಗೆಯನ್ನು ಎಲ್ಲೆಡೆ ಹಂಚುವ ಕೆಲಸವನ್ನು ಡ್ರೈವಿನ ಕಂಟ್ರೋಲರ್ ನೋಡಿಕೊಳ್ಳುತ್ತದೆ. ಒಟ್ಟು ಎಷ್ಟು ಬರೆಯುವವರೆಗೆ ವಾರಂಟಿ ಎಂಬುದನ್ನು ತಯಾರಕರು ಟಿಬಿಡಬ್ಲ್ಯು ಎಂಬ ಅಂಕಿಯಲ್ಲಿ ಹೇಳುತ್ತಾರೆ. 500 ಜಿಬಿಯ ಟಿಎಲ್‌ಸಿ ಡ್ರೈವಿಗೆ ಅದು ಸಾಮಾನ್ಯವಾಗಿ 150ರಿಂದ 300 ಟಿಬಿ. ನೀವು ದಿನಕ್ಕೆ 20 ಜಿಬಿ ಬರೆಯುತ್ತೀರಿ ಎಂದಿಟ್ಟುಕೊಂಡರೂ, ಕಚೇರಿ ಕೆಲಸಕ್ಕೆ ಇದು ಹೆಚ್ಚೇ ಆಯಿತು, ವರ್ಷಕ್ಕೆ 7.3 ಟಿಬಿ. 150 ಟಿಬಿ ಮುಟ್ಟಲು ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪೇ ಉಳಿದಿರುವುದಿಲ್ಲ.

ಎಸ್‌ಎಸ್‌ಡಿ ಕೆಟ್ಟರೆ ಹೇಗೆ ಕೆಡುತ್ತದೆ ಎಂಬುದರ ಬಗ್ಗೆಯೇ ನಿಮಗೆ ಹೆಚ್ಚು ಎಚ್ಚರ ಬೇಕು. ಹಾರ್ಡ್ ಡಿಸ್ಕ್ ಬಹಳ ಸಲ ಸದ್ದು ಮಾಡಿ, ನಿಧಾನವಾಗಿ, ಸೂಚನೆ ಕೊಟ್ಟು ಹೋಗುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ ಕೈಕೊಟ್ಟರೆ ನಿನ್ನೆ ಇದ್ದದ್ದು ಇವತ್ತು ಕಾಣುವುದೇ ಇಲ್ಲ. ಇನ್ನೂ ಒಂದಿದೆ. ನೀವು ಫೈಲ್ ಅಳಿಸಿದಾಗ ವಿಂಡೋಸ್ ಟ್ರಿಮ್ ಎಂಬ ಆದೇಶದ ಮೂಲಕ ಆ ಜಾಗ ಇನ್ನು ಬೇಡ ಎಂದು ಡ್ರೈವಿಗೆ ತಿಳಿಸುತ್ತದೆ, ಡ್ರೈವ್ ಬಿಡುವಾದಾಗ ಅದನ್ನು ನಿಜವಾಗಿಯೇ ಅಳಿಸಿಹಾಕುತ್ತದೆ. ವೇಗ ಉಳಿಯುವುದು ಇದರಿಂದಲೇ. ಆದರೆ ರೀಸೈಕಲ್ ಬಿನ್‌ನಿಂದಲೂ ಹೋದ ಫೈಲನ್ನು ತಂತ್ರಾಂಶ ಹಾಕಿ ಮರಳಿ ಪಡೆಯುವ ಹಳೆಯ ಭರವಸೆ ಇಲ್ಲಿ ಬಹುತೇಕ ಇಲ್ಲ. ಹಾಗಾಗಿ ಬ್ಯಾಕಪ್ ಇಲ್ಲದೆ ಎಸ್‌ಎಸ್‌ಡಿ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬ್ಯಾಕಪ್ ಕೆಲಸ ಶುರುವಾಗಬೇಕಾದ್ದು ಬದಲಾವಣೆಗೂ ಮೊದಲೇ. ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡಿರುವ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ಸ್ ಎಂಬ ಎರಡು ಸಾಲುಗಳು ಮುಖ್ಯ. ಎರಡನೆಯದರ ಎದುರು ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಡಿಸ್ಕಿನ ಕೆಲವು ಭಾಗ ಈಗಾಗಲೇ ಓದಲು ಬರುತ್ತಿಲ್ಲ ಎಂದರ್ಥ. ನಿಮ್ಮ 100% ಸಮಸ್ಯೆಗೆ ಅದೂ ಒಂದು ಕಾರಣ ಇರಬಹುದು. ಅಂಥ ಡಿಸ್ಕನ್ನು ಕ್ಲೋನ್ ಮಾಡಲು, ಅಂದರೆ ವಿಂಡೋಸ್ ಸಮೇತ ಇಡಿಯಾಗಿ ನಕಲು ಮಾಡಲು, ಹೋಗಬೇಡಿ. ಫೋಟೊ, ದಾಖಲೆಗಳನ್ನು ಇವತ್ತೇ ಬೇರೆಡೆಗೆ ನಕಲು ಮಾಡಿ, ಉಳಿದದ್ದು ಆಮೇಲೆ.

ಡಿಸ್ಕ್ ಚೆನ್ನಾಗಿದ್ದರೂ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಮಾಹಿತಿಗೆ ಗುಪ್ತ ಬೀಗ ಹಾಕುವ ಏರ್ಪಾಡು) ಚಾಲೂ ಇದೆಯೇ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬಳಿಕ ಎನ್‌ಕ್ರಿಪ್ಷನ್ ತೆಗೆದುಹಾಕಿ. ಈ ಹೆಜ್ಜೆ ಮರೆತವರು ಎಲ್ಲ ಮುಗಿದ ಮೇಲೆ ತಮ್ಮದೇ ಫೈಲುಗಳ ಮುಂದೆ ಬೀಗ ಬಿದ್ದಂತೆ ಕೂರಬೇಕಾಗುತ್ತದೆ.

ಇರುವ ವಿಂಡೋಸನ್ನೇ ಸಾಗಿಸಬಹುದೇ ಎಂದು ಕೇಳಿದ್ದೀರಿ. ಸಾಗಿಸಬಹುದು. ಆದರೆ ಏಳು ವರ್ಷದ ವಿಂಡೋಸಿಗೆ ನನ್ನ ಮತ ಹೊಸದಾಗಿ ಹಾಕುವುದರ ಕಡೆಗೆ. ಎಂದೋ ಹಾಕಿ ಮರೆತ ತಂತ್ರಾಂಶಗಳು, ಅರ್ಧ ತೆಗೆದ ಡ್ರೈವರುಗಳು, ತಾವಾಗಿಯೇ ಏಳುವ ಹತ್ತಾರು ಸೇವೆಗಳು ಎಲ್ಲವೂ ಕ್ಲೋನ್ ಜೊತೆಗೇ ಬರುತ್ತವೆ. ಇನ್‌ಸ್ಟಾಲ್ ಫೈಲಾಗಲಿ ಲೈಸೆನ್ಸ್ ಕೀಯಾಗಲಿ ಈಗ ಸಿಗದ, ಆದರೆ ಬಿಡಲಾಗದ ತಂತ್ರಾಂಶ ಯಾವುದಾದರೂ ಇದ್ದರೆ ಮಾತ್ರ ಕ್ಲೋನ್ ಮಾಡಿ.

ಹೊಸದಾಗಿ ಹಾಕಲು ಇನ್ನೊಂದು ಕಾರಣ ಕಾಲದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಏರ್ಪಾಡು ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಏಳು ವರ್ಷದ ಲ್ಯಾಪ್‌ಟಾಪ್ ಸರಿಯಾಗಿ ಈ ಗಡಿಯ ಮೇಲೆ ನಿಂತಿರುತ್ತದೆ. ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಓಡಿಸಿದರೆ ನಿಮ್ಮದು ಯಾವ ಕಡೆ ಎಂದು ಹೇಳಿಬಿಡುತ್ತದೆ. ಗಡಿಯ ಆಚೆ ಉಳಿದರೆ, ಬ್ರೌಸರ್, ಮೇಲ್, ಬರವಣಿಗೆ ಇಷ್ಟೇ ನಿಮ್ಮ ಕೆಲಸವಾಗಿದ್ದರೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ. ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮಿನ ಮೇಲೆ ಅವು ಹಗುರವಾಗಿ ಓಡುತ್ತವೆ, ಸುರಕ್ಷತೆಯ ಅಪ್‌ಡೇಟ್‌ಗಳೂ ಬರುತ್ತಿರುತ್ತವೆ.

ವಿಂಡೋಸ್ ಹೊಸದಾಗಿ ಹಾಕುವುದು ಈಗ ದೊಡ್ಡ ಕೆಲಸವಲ್ಲ. ಕನಿಷ್ಠ 8 ಜಿಬಿಯ ಪೆನ್ ಡ್ರೈವಿನಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಇನ್‌ಸ್ಟಾಲರ್ ಸಿದ್ಧಮಾಡಿಕೊಳ್ಳಿ. ವಿಂಡೋಸಿನ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿನ ಗುರುತಿಗೆ ಅಂಟಿಕೊಂಡಿರುವುದರಿಂದ, ಡಿಸ್ಕ್ ಬದಲಿಸಿದರೂ ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟ ಕೂಡಲೇ ಆಕ್ಟಿವೇಟ್ ಆಗುತ್ತದೆ. ಕೀ ಕೇಳಿದಾಗ ಇಲ್ಲ ಎಂದು ಮುಂದೆ ಹೋದರಾಯಿತು. ಹೋಮ್ ಇದ್ದಲ್ಲಿ ಪ್ರೊ ಹಾಕಿ ಪೇಚಿಗೆ ಸಿಲುಕಬೇಡಿ. ವೈಫೈ ಡ್ರೈವರನ್ನು ಅದೇ ಪೆನ್ ಡ್ರೈವಿಗೆ ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು ಎಂಬಂತಾಗುತ್ತದೆ.

ಕ್ಲೋನ್ ಮಾಡುವುದೇ ಎಂದಾದರೆ ಯುಎಸ್‌ಬಿಯಿಂದ ಸಾಟಾಕ್ಕೆ ಜೋಡಿಸುವ ಕೇಬಲ್ ಬೇಕು. ಎಸ್‌ಎಸ್‌ಡಿ ಕಂಪನಿಯವರೇ ಕೊಡುವ ತಂತ್ರಾಂಶ ಅಥವಾ ಕ್ಲೋನ್‌ಜಿಲ್ಲಾ ಸಾಕು. ಕ್ಲೋನ್‌ಜಿಲ್ಲಾ ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ನಕಲು ಮಾಡಲು ಹಾಗೇ ಒಪ್ಪುವುದಿಲ್ಲ. 1 ಟಿಬಿಯಿಂದ 500 ಜಿಬಿಗೆ ಇಳಿಸುತ್ತಿದ್ದರೆ ಬೇಡದ ಫೈಲುಗಳನ್ನು ತೆಗೆದು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿಕೊಳ್ಳಬೇಕು; ಕಂಪನಿಯ ತಂತ್ರಾಂಶಗಳು ಬಹಳ ಸಲ ಇದನ್ನು ತಾವೇ ನೋಡಿಕೊಳ್ಳುತ್ತವೆ. ಯಾವುದು ಮೂಲ, ಯಾವುದು ಗುರಿ ಎಂದು ಗಾತ್ರ ಮತ್ತು ಮಾಡೆಲ್ ಹೆಸರು ನೋಡಿ ಎರಡೆರಡು ಸಲ ಖಚಿತಪಡಿಸಿಕೊಳ್ಳಿ. ಅದಲು ಬದಲಾದರೆ ಖಾಲಿ ಡ್ರೈವ್ ನಿಮ್ಮ ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಕ್ಲೋನ್ ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಜೋಡಿಸಿ ಬೂಟ್ ಮಾಡಬೇಡಿ. ಎರಡರ ಗುರುತೂ ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ.

ಡಿಸ್ಕ್ ಬದಲಿಸುವ ಕೆಲಸ ಮಾತ್ರ ನೀವು ಊಹಿಸುವುದಕ್ಕಿಂತ ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದು ಷಟ್‌ಡೌನ್ ಕೊಡಿ. ಆಗ ಫಾಸ್ಟ್ ಸ್ಟಾರ್ಟಪ್ ಇಲ್ಲದೆ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿದ್ದರೆ ಬಿಚ್ಚಿ, ಒಳಗಿದ್ದರೆ ತಳ ತೆಗೆದ ಕೂಡಲೇ ಮೊದಲು ಅದರ ಕನೆಕ್ಟರನ್ನು ಬಿಡಿಸಿ. ಸ್ಕ್ರೂಗಳಲ್ಲಿ ಉದ್ದ ಗಿಡ್ಡ ಇರುತ್ತವೆ, ಉದ್ದದ್ದನ್ನು ತಪ್ಪು ಜಾಗದಲ್ಲಿ ತಿರುಗಿಸಿದರೆ ಕೀಬೋರ್ಡಿನ ಕಡೆ ಉಬ್ಬಿಕೊಳ್ಳಬಹುದು. ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿಡಿ. ರಬ್ಬರ್ ಪಾದಗಳ ಅಡಿಯಲ್ಲೂ ಒಂದೆರಡು ಅಡಗಿರುತ್ತವೆ. ತಳ ಬಿಡದಿದ್ದರೆ ಬಲ ಹಾಕುವ ಮೊದಲು ಬಿಟ್ಟುಹೋದ ಸ್ಕ್ರೂ ಹುಡುಕಿ. ಮೈಮೇಲಿನ ಸ್ಥಿರ ವಿದ್ಯುತ್ ಹೋಗಲು ನೆಲಕ್ಕೆ ತಾಗಿದ ಲೋಹವನ್ನೊಮ್ಮೆ ಮುಟ್ಟಿ. ಹಾರ್ಡ್ ಡಿಸ್ಕ್ ಲೋಹದ ಚೌಕಟ್ಟಿನಲ್ಲಿ, ತೆಳು ರಿಬ್ಬನ್ ಕೇಬಲಿನ ತುದಿಯಲ್ಲಿ ಕೂತಿರುತ್ತದೆ. ಕೇಬಲನ್ನು ಹಿಡಿದು ಎಳೆಯದೆ ಕನೆಕ್ಟರನ್ನು ಹಿಡಿದು ಸರಿಸಿ. ಚೌಕಟ್ಟನ್ನು ಎಸ್‌ಎಸ್‌ಡಿಗೆ ವರ್ಗಾಯಿಸಿ ಅದೇ ಜಾಗಕ್ಕೆ ಕೂರಿಸಿ.

ಆನ್ ಆಗುವಾಗ ವಿಂಡೋಸಿಗೂ ಮೊದಲು ಓಡುವ ಬಯೋಸ್ ಒಳಗೆ ಹೋಗಿ ಹೊಸ ಡ್ರೈವಿನ ಹೆಸರು ಕಾಣುತ್ತದೆಯೇ ನೋಡಿ. ಸಾಟಾ ಮೋಡ್ ಎಎಚ್‌ಸಿಐ ಇರಬೇಕು. ಹೊಸ ವಿಂಡೋಸ್ ಹಾಕುವ ಮೊದಲಾದರೆ ಬದಲಿಸಲು ಅಡ್ಡಿಯಿಲ್ಲ. ಕ್ಲೋನ್ ಮಾಡಿದ್ದರೆ ಹಿಂದೆ ಯಾವ ಮೋಡ್ ಇತ್ತೋ ಅದನ್ನೇ ಬಿಡಿ, ಬದಲಿಸಿದರೆ ನೀಲಿ ಪರದೆ ಬರುತ್ತದೆ. ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಹೆಚ್ಚಿನ ಸಲ ಬೂಟ್ ಕ್ರಮದಲ್ಲಿ ಹೊಸ ಡ್ರೈವ್ ಮೇಲೆ ಇರುವುದಿಲ್ಲ, ಅಥವಾ ಯುಇಎಫ್‌ಐ ಎಂಬ ಹೊಸ ಬೂಟ್ ಮೋಡಿನಲ್ಲಿ ಹಾಕಿದ್ದನ್ನು ಲೆಗಸಿ ಎಂಬ ಹಳೆಯ ಮೋಡಿನಲ್ಲಿ ಎಬ್ಬಿಸಲು ಹೊರಟಿರುತ್ತೀರಿ.

ವಿಂಡೋಸ್ ಎದ್ದ ಮೇಲೆ ಮಾಡಬೇಕಾದ್ದು ಸ್ವಲ್ಪವೇ. ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್ ತೆರೆದು ನಿಮ್ಮ ಡ್ರೈವಿನ ಎದುರು ಸಾಲಿಡ್ ಸ್ಟೇಟ್ ಡ್ರೈವ್ ಎಂದಿದೆಯೇ ಎಂದು ನೋಡಿ. ಹಾಗಿದ್ದರೆ ವಿಂಡೋಸ್ ಡಿಫ್ರಾಗ್ (ಚದುರಿದ ಚೂರುಗಳನ್ನು ಒಟ್ಟುಗೂಡಿಸುವ ಕೆಲಸ) ಬದಲು ಟ್ರಿಮ್ ಅನ್ನು ತಾನೇ ಕಾಲಕಾಲಕ್ಕೆ ನಡೆಸುತ್ತದೆ. ಬೇರೆ ಡಿಫ್ರಾಗ್ ತಂತ್ರಾಂಶ ಹಾಕಬೇಡಿ, ಅದರಿಂದ ಲಾಭವಿಲ್ಲದೆ ಬರವಣಿಗೆ ಮಾತ್ರ ಹೆಚ್ಚುತ್ತದೆ. ಪೇಜ್ ಫೈಲ್ ಆಫ್ ಮಾಡಿ, ಸರ್ಚ್ ಇಂಡೆಕ್ಸ್ ನಿಲ್ಲಿಸಿ ಎಂಬ ಸಲಹೆಗಳು ಎಸ್‌ಎಸ್‌ಡಿಗಳು ಚಿಕ್ಕದಾಗಿ, ದುಬಾರಿಯಾಗಿ ಇದ್ದ ಕಾಲದವು. ಈಗ ಅವನ್ನು ಪಾಲಿಸಿದರೆ ವಿಂಡೋಸಿಗೆ ತೊಂದರೆಯೇ ಹೆಚ್ಚು.

ಏನು ಬದಲಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಇಂಟರ್ನೆಟ್ ವೇಗ ಹೆಚ್ಚದು, ಗೇಮಿನ ದೃಶ್ಯಗಳು ನಯವಾಗವು, ಬ್ಯಾಟರಿ ಒಂದಿಷ್ಟು ಹೆಚ್ಚು ಬಂದರೂ ಎದ್ದು ಕಾಣುವಷ್ಟು ಅಲ್ಲ. 8 ಜಿಬಿ ರ‍್ಯಾಮ್ ಇರುವುದರಿಂದ ನೀವು ಬಚಾವ್. 4 ಜಿಬಿ ಇದ್ದಿದ್ದರೆ ಎಸ್‌ಎಸ್‌ಡಿಯ ಜೊತೆ ರ‍್ಯಾಮನ್ನೂ ಏರಿಸಿ ಎನ್ನುತ್ತಿದ್ದೆ.

ತೆಗೆದ ಹಾರ್ಡ್ ಡಿಸ್ಕನ್ನು ಕನಿಷ್ಠ ಎರಡು ಮೂರು ವಾರ ಮುಟ್ಟದೆ ಹಾಗೇ ಎತ್ತಿಡಿ. ಮರೆತ ಫೈಲ್ ನೆನಪಾಗುವುದು, ಯಾವುದೋ ತಂತ್ರಾಂಶದ ಸೆಟ್ಟಿಂಗ್ ಬೇಕೆನಿಸುವುದು ಆ ಅವಧಿಯಲ್ಲೇ. ಏನಾದರೂ ಕೆಟ್ಟರೆ ಹಳೆಯದನ್ನು ಮತ್ತೆ ಹಾಕಿ ಎದ್ದು ನಿಲ್ಲಬಹುದು. ಆಮೇಲೆ, ಆರೋಗ್ಯದ ದಾಖಲೆ ಚೆನ್ನಾಗಿದ್ದರೆ, ಯುಎಸ್‌ಬಿ ಕೇಸಿನಲ್ಲಿ ಕೂರಿಸಿ ಬ್ಯಾಕಪ್‌ಗೆ ಬಳಸಿ. 2.5 ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು, ಬೇರೆ ಅಡಾಪ್ಟರ್ ಬೇಡ. ತಿಂಗಳುಗಟ್ಟಲೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿ ಇಡುವ ಬ್ಯಾಕಪ್‌ಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ನಂಬಿಕಸ್ಥ, ಏಕೆಂದರೆ ಕೋಶದಲ್ಲಿ ಕೂಡಿಟ್ಟ ವಿದ್ಯುದಂಶ ಕಾಲ ಕಳೆದಂತೆ ಸೋರುತ್ತದೆ. ಮೆಮೊರಿ ಚಿಪ್‌ಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಕೂಡ, ಬಾಳಿಕೆಯ ಮಿತಿ ಮುಟ್ಟಿದ ಗ್ರಾಹಕ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಕಾಪಾಡಬೇಕು ಎಂದಷ್ಟೇ ಕೇಳುತ್ತದೆ.

ಡಿವಿಡಿ ಡ್ರೈವ್ ತೆಗೆದು ಆ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟು ಹಾಕಿ ಹಳೆಯ ಡಿಸ್ಕನ್ನು ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಳ್ಳುವ ದಾರಿಯೂ ಇದೆ. 9.5 ಮಿಲಿಮೀಟರಿನದೋ 12.7 ಮಿಲಿಮೀಟರಿನದೋ ಎಂದು ಅಳೆದು ಕ್ಯಾಡಿ ಕೊಳ್ಳಿ, ಎಸ್‌ಎಸ್‌ಡಿ ಮುಖ್ಯ ಖಾನೆಯಲ್ಲೇ ಇರಲಿ.

ಡಿಸ್ಕನ್ನು ಬೇರೆಯವರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಿಂದ ಫೈಲುಗಳ ಪಟ್ಟಿ ಮಾತ್ರ ಹೋಗುತ್ತದೆ, ಫೈಲುಗಳು ತಟ್ಟೆಯ ಮೇಲೆ ಉಳಿದಿರುತ್ತವೆ. ವಿಂಡೋಸ್ ಫಾರ್ಮ್ಯಾಟ್ ಕಿಟಕಿಯಲ್ಲಿ ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ. 1 ಟಿಬಿಗೆ ಕೆಲವು ಗಂಟೆ ಹಿಡಿದರೂ ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯುತ್ತದೆ. ಡಿಸ್ಕಿನಲ್ಲಿ ಒಂದಕ್ಕಿಂತ ಹೆಚ್ಚು ಪಾರ್ಟಿಷನ್ ಇದ್ದರೆ ಪ್ರತಿಯೊಂದಕ್ಕೂ ಹೀಗೇ ಮಾಡಿ. ಪೆಂಡಿಂಗ್ ಸೆಕ್ಟರುಗಳು ಕಂಡ ಡಿಸ್ಕನ್ನು ಮಾತ್ರ ಯಾರಿಗೂ ಕೊಡಬೇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.